ದೀರ್ಘದ ಗೂಡು

ಡಿಸೆಂಬರಿನ ಎರಡನೆಯ ವಾರ, ಪ್ರತಿ ವರ್ಷದಂತೆ,
ಗುದೈಬಿಯಾದ ನಮ್ಮ ಪ್ರೆಸ್ಸಿಗೆ ಸತ್ತವರು ಬರುತ್ತಾರೆ
ಪೆನ್‌ಡ್ರೈವಿನಲ್ಲಿ, ಹುಟ್ಟು ಸಾವಿನ ತಾರೀಖು ಸಮೇತ.
ಮನಾಮಾದ ಐರಿಷ್ ಸಂಘದವರ ನೆನಪಿನ ಪುಸ್ತಿಕೆ:
ನೂರೈವತ್ತು ಪ್ರತಿ, ಹಸಿರು ರಟ್ಟು, ನಡುವೆ ಎರಡು ಪಿನ್ನು.

ತರುವವಳು ಶಾಲೆಯೊಂದರ ಸಂಗೀತದ ಟೀಚರು.
ಮೊದಲ ಸಲ ರಸೀದಿಗೆ ಹೆಸರು ಕೇಳಿದೆ.
"ನೀವ್" ಅಂದಳು.
ನಾನಲ್ಲ ತಾಯಿ, ನಿಮ್ಮದು.
"ನೀವ್" ಅಂದಳು ಮತ್ತೆ, ಬರೆದು ತೋರಿಸಿದಳು:
ಕೊನೆಗೆ ಎಮ್, ಅದರ ಬೆನ್ನಿಗೆ ಎಚ್,
ಎರಡೂ ಕೂಡಿ ವಕಾರವಾಗುವ ಮಾಯೆ.
ನಮ್ಮ ಕಡೆ ಇದು ಹೆಸರಲ್ಲ,
ಎದುರಿಗಿದ್ದವರಿಗೆ ಕೊಡುವ ಮರ್ಯಾದೆ ಎಂದೆ.
ನಕ್ಕಳು. ಅಂದಿನಿಂದ ಎಷ್ಟು ಏಕವಚನದಲ್ಲಿ ಕರೆದರೂ
ಅವಳಿಗದು ಬಹುವಚನವೇ.

ಈ ಸಲ ಹನ್ನೊಂದು ಮಂದಿ.
ಬಂದರಿನ ಹೆಂಗಸರಿಗೆ ಪಿಂಚಣಿ ಕೊಡಿಸಿದ ಸೆನೆಟರ್ ಡರ್ವ್ಲಾ ಕ್ವಿಲ್ಟಿ.
ತನ್ನ ತೀರ್ಪೇ ತಪ್ಪೆಂದು ಪತ್ರಿಕೆಗೆ ಬರೆದ ನ್ಯಾಯಾಧೀಶೆ ಸೋರ್ಚಾ ಲವೆಲ್.
ಮೂವತ್ತೊಂದು ವರ್ಷ ರೇಡಿಯೋದಲ್ಲಿ ಕುಳಿತು
ಮೀನುದೋಣಿಗಳಿಗೆ ಗಾಳಿಯ ಸುದ್ದಿ ಓದಿದ ಫಿಂಟನ್ ಮಕೆಲ್ಹಾರ್;
ಫೋಟೋ ಇಲ್ಲ. ದನಿ ಗೊತ್ತಿದ್ದವರು
ಮುಖ ಕೇಳಿರಲಿಲ್ಲ.
ಮತ್ತೆ ಗೋಲ್‌ಕೀಪರ್ ಶಾನ್ ಗೀಲನ್.
ಅವನಲ್ಲೇ ನಾನು ಎಡವಿದ್ದು.

ಎ ಅಕ್ಷರದ ನೆತ್ತಿಯ ಮೇಲೊಂದು ಓರೆಗೆರೆ,
ಸೊಳ್ಳೆಯ ಕಾಲಿನಷ್ಟು. ಹೊಸ ಫಾಂಟು ಅದನ್ನು ನುಂಗಿತ್ತು.
ಪ್ರೂಫಿನ ಮೇಲೆ ಬೆರಳಿಟ್ಟು ನೀವ್ ಸುಮ್ಮನೆ ನಿಂತಳು.
"ಗೆರೆ ಇದ್ದರೆ ಶಾನ್.
ಗೆರೆ ಹೋದರೆ ನಮ್ಮ ಭಾಷೆಯಲ್ಲಿ
'ಹಳೆಯದು' ಅಂತಷ್ಟೇ ಅರ್ಥ.
ಅವನಿಗಿನ್ನೂ ನಲವತ್ತೊಂದು."

ಗದಗು ಬೆಟಗೇರಿಯ ಛಾಪಖಾನೆಯಲ್ಲಿ ಅಪ್ಪ
ಸೀಸದ ಮೊಳೆ ಜೋಡಿಸುತ್ತಿದ್ದ.
ದೀರ್ಘಕ್ಕೆಂದೇ ಒಂದು ಗೂಡು,
ಎಲ್ಲಕ್ಕಿಂತ ಮೊದಲು ಬರಿದಾಗುವ ಗೂಡು.
ನೋಡವಾ, ಅನ್ನುತ್ತಿದ್ದ, ಇದೊಂದು ಮೊಳೆ ಬಿದ್ದರ
'ಹೋಗು' ಅನ್ನೂದು 'ಹೊಗು' ಆಗತೈತಿ,
ಹೊರಗ ಕಳಸೋರನ್ನ ಒಳಗ ಕರದಂಗ.
ಹತ್ತೊಂಬತ್ತು ವರ್ಷದಿಂದ ನನ್ನ ಪಾಸ್‌ಪೋರ್ಟಿನಲ್ಲಿ
ಆ ಎರಡು ಮಾತಿಗೂ ಠಸ್ಸೆ ಬೀಳುತ್ತಲೇ ಇದೆ,
ಒಂದರ ಮೇಲೊಂದು, ಓದಲಾಗದಂತೆ.

ನಾನ್ನೂರು ಪಟ್ಟು ಹಿಗ್ಗಿಸಿ, ಮೌಸು ಹಿಡಿದು, ಕೈಯಾರೆ ಗೆರೆ ಎಳೆದೆ.
ಗೋಲ್‌ಕೀಪರ್ ಎದ್ದು ನಿಂತ.

ಆದರೂ ಒಂದು ಪುಟ ಮಿಕ್ಕಿತು.
ಹಾಳೆ ಮಡಚಿದರೆ ನಾಲ್ಕರ ಮಗ್ಗಿ; ಸಾವಿಗೆ ಮಗ್ಗಿ ಬಾರದು.
"ಅಲ್ಲಿ ನಿಮ್ಮವರನ್ನು ಯಾರನ್ನಾದರೂ ಹಾಕು,
ಈ ವರ್ಷ ನಿಮ್ಮಲ್ಲಿ ಯಾರು ಹೋದರು?"

ಬಾಯಿ ತೆರೆದೆ.
ಕ್ವಿಲ್ಟಿ ಹುಟ್ಟಿದ ತಾರೀಖು ನಾಲಿಗೆಯ ತುದಿಯಲ್ಲಿತ್ತು.
ನಮ್ಮವರೆಂದರೆ ನೆನಪಾದದ್ದು
ಫೋನಿನಲ್ಲಿ ಬಂದ ದೀಪದ ಚಿತ್ರಗಳು,
ಸಾಲುಸಾಲು ಮುಗಿದ ಕೈಗಳು,
ಯಾರಿಗೆಂದು ನೋಡದೆ ನಾನೂ ಒತ್ತಿದ ಒಂದು ಜೊತೆ.
ಖಾಲಿ ಇರಲಿ, ಅಂದೆ.
ತಲೆಯಾಡಿಸಿದಳು. ಒಪ್ಪಿದ್ದೋ, ನೊಂದದ್ದೋ.

ಕತ್ತರಿಸುವಾಗ ಮೂಲೆ ಹರಿದ ಒಂದು ಪ್ರತಿ ನನ್ನ ಜೊತೆ ರೂಮಿಗೆ ಬಂತು.
ಆ ಖಾಲಿ ಪುಟದಲ್ಲಿ ಈಗ ಜೆಸಿಂತಾ ಬರೆಯುವ ಹಾಲಿನ ಲೆಕ್ಕ,
ಗ್ಯಾಸಿನವನ ನಂಬರು.

ಇವತ್ತು ಬೆಳಗ್ಗೆ ಶಮಾಲ್ ಎದ್ದು
ಸಿತ್ರಾದ ಸೇತುವೆಯೇ ಇಲ್ಲವೆಂಬಷ್ಟು ಧೂಳು.
ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ,
ಹಾಲು ಉಕ್ಕುವವರೆಗೆ ಮಾಡುವುದೇನೆಂದು
ಮುಖವಿಲ್ಲದ ಫಿಂಟನ್ನನ ಪುಟ ತೆರೆದೆ.
ಅವನ ಕೊನೆಯ ಸಂಜೆಯ ವರದಿ ಅಲ್ಲಿ ಅಚ್ಚಾಗಿತ್ತು.
ಗಟ್ಟಿಯಾಗಿ ಓದಿದೆ, ಬೆಟಗೇರಿಯ ರಾಗದಲ್ಲಿ:
ಗಾಳಿ ಪಶ್ಚಿಮದಿಂದ. ಅಲೆ ಸಾಧಾರಣ.
ನೋಟ ಚೆನ್ನಾಗಿದೆ.

"ಎಲ್ಲಿ?" ಅಂದಳು ಜೆಸಿಂತಾ,
ಕಣ್ಣುಜ್ಜುತ್ತ.